ನಾವಿಕ ಪ್ರಭುವೂ ರಾಮದುರ್ಗದ ಸೆರೆಮನೆಯೂ

ಲಾರ್ಡ್ ಮೌಂಟ್‌ಬ್ಯಾಟನ್ನರು ಇಲ್ಲದೆ ಹೋಗಿದ್ದರೆ ನಮ್ಮ ಸಂಸ್ಥಾನಗಳೆಲ್ಲ ದಿಕ್ಕಿಗೊಂದಾಗುತ್ತಿದ್ದವೆಂದು ಭಕ್ತಿಯಿಂದ ಹೇಳುವ ಸುಶಿಕ್ಷಿತರು ಇನ್ನೂ ಇದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ.

ಅವರಿಗೆ ಸಲ್ಲತಕ್ಕದ್ದು ಸಲ್ಲಲಿ. ವಿಕ್ಟೋರಿಯಾ ರಾಣಿಯ ಈ ಮರಿಮಗ 1913ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ನೌಕಾಶಾಲೆ ಸೇರಿದವರು. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಬಳಿ ಜರ್ಮನ್ ವಿಮಾನಗಳು ಅವರ 'ಕೆಲಿ' ಹಡಗನ್ನು ಮುಳುಗಿಸಿದಾಗ ಸಾವಿನ ಬಾಯಿಂದ ಪಾರಾಗಿ ಬಂದರು. ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಎರಡೇ ವರ್ಷಗಳಲ್ಲಿ ಆಗ್ನೇಯ ಏಷ್ಯದ ಮಹಾದಂಡನಾಯಕ ಪದವಿ! ಅರಮನೆಯ ನಂಟಿಲ್ಲದ ಕಪ್ತಾನನಿಗೆ ಈ ಏಣಿ ಸಿಕ್ಕುತ್ತಿತ್ತೇ?

1947ರ ಜುಲೈ 25ರಂದು ದಿಲ್ಲಿಯ ನರೇಂದ್ರ ಮಂಡಲದಲ್ಲಿ ವೈಸರಾಯರಾಗಿ ಅವರು ಸಂಸ್ಥಾನಿಕರಿಗೆ ಹೇಳಿದ್ದೇನು? ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಈ ಮೂರನ್ನು ಬಿಟ್ಟುಕೊಡಿರಿ, ಒಳಾಡಳಿತ ನಿಮ್ಮದೇ. ಈ ಸೂತ್ರವನ್ನು ಹೆಣೆದವರು ಸರದಾರ ಪಟೇಲರೂ ವಿ. ಪಿ. ಮೆನನ್ನರೂ. ಅದನ್ನು ಮನಮುಟ್ಟುವಂತೆ ಹೇಳಿದ ನಾಲಗೆ ಮಾತ್ರ ಪ್ರಭುಗಳದು. ರಾಜಬಂಧುವಿನ ಬಾಯಿಂದ ಬಂದುದರಿಂದ ರಾಜರಿಗೆ ಅದು ರುಚಿಸಿತು, ನಿಜ. ಆದರೆ 'ಒಳಾಡಳಿತ ನಿಮ್ಮದೇ' ಎಂದರೆ ರಾಮದುರ್ಗದವನಿಗೆ ಏನರ್ಥ? ಪೊಲೀಸರು ರಾಜರವರೇ, ಸೆರೆಮನೆಯೂ ರಾಜರದೇ ಎಂದರ್ಥ.

ಆ ಸೆರೆಮನೆಯನ್ನು ಅಲ್ಲಿಯ ಜನ ಕಂಡಿದ್ದರು. 1939ರ ಏಪ್ರಿಲಿನಲ್ಲಿ, ಕಂದಾಯದ ಭಾರ ಇಳಿಸಿರೆಂದು ಕೇಳಿದ ಪ್ರಜಾಸಂಘದ ಮುಖಂಡರನ್ನು ಹಿಡಿದಾಗ ಜನ ದಂಗೆಯೆದ್ದು ಸೆರೆಮನೆಗೆ ನುಗ್ಗಿದರು. ಪೊಲೀಸರು ಸತ್ತರು, ಆಮೇಲೆ ರೈತಮಕ್ಕಳು ಗಲ್ಲಿಗೇರಿದರು. ಗಾಂಧೀಜಿಯವರು ಆ ಹಿಂಸೆಯನ್ನು ಖಂಡಿಸಿದರು. ನಾನೂ ಅದನ್ನು ಹೊಗಳಲು ಹೊರಟವನಲ್ಲ. ಆದರೆ ಗಾದಿಯ ಕಾಲು ಅಲುಗಿದ್ದು ಅಂದು, ದಿಲ್ಲಿಯ ಭಾಷಣಕ್ಕೆ ಎಂಟು ವರ್ಷ ಮೊದಲು.

ಈ ಸೀಮೆಗೆ ಸಾರ್ವಭೌಮರ ಕಾಗದದ ರುಚಿ ಹೊಸದೂ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಅಂದು ಸಾರ್ವಭೌಮತ್ವ ಬೇಕೆಂದವರು 1947ರಲ್ಲಿ ಅದು ತಾನಾಗಿಯೇ ತೀರಿಹೋಗುತ್ತದೆಂದರು. ಅದೂ ಎಷ್ಟು ಅವಸರ! 1948ರ ಜೂನ್ ಎಂದಿದ್ದ ಗಡುವು 1947ರ ಆಗಸ್ಟ್ 15ಕ್ಕೆ ಬಂತು. ಜಪಾನು ಶರಣಾದ ದಿನವೆಂದು ಆ ತಾರೀಖನ್ನು ಆರಿಸಿದೆನೆಂದು ಪ್ರಭುಗಳೇ ಮುಂದೆ ಹೇಳಿಕೊಂಡರು. ತಮ್ಮ ದಂಡಯಾತ್ರೆಯ ನೆನಪಿಗೆ ನಮ್ಮ ಪಂಚಾಂಗ!

ನನ್ನ ತರಗತಿಗೆ ಸವದತ್ತಿ, ರಾಮದುರ್ಗಗಳಿಂದ ಬರುವ ಹುಡುಗರಿಗೆ ಮೌಂಟ್‌ಬ್ಯಾಟನ್ನರ ಬಿರುದುಗಳು ಬಾಯಿಪಾಠ. 1939 ಎಂದರೆ ಹಿಟ್ಲರನ ಯುದ್ಧವಷ್ಟೇ. ಅವರ ಅಜ್ಜಂದಿರನ್ನು ಕೇಳಿ ಬರೆದಿಟ್ಟುಕೊಳ್ಳುವ ಕಾಲವನ್ನು ನಾವು ಮೇಷ್ಟ್ರುಗಳು ಕಳೆದುಬಿಟ್ಟೆವು.

ಪ್ರಭುಗಳು 1948ರ ಜೂನಿನಲ್ಲಿ ಹೊರಟುಹೋದರು. 1914ರಲ್ಲಿ ಜರ್ಮನ್ ಹುಟ್ಟಿನ ನೆಪದಿಂದ ತಂದೆ ಬಿಡಬೇಕಾಗಿ ಬಂದ ಇಂಗ್ಲೆಂಡಿನ ನೌಕಾದಳದ ಹಿರಿಯ ಪದವಿಯನ್ನು 1955ರಲ್ಲಿ ಏರಿದರು. ಅವರಿಗೆ ಬೇಕಾಗಿದ್ದ ಬಂದರು ಅದೇ. ರಾಮದುರ್ಗದ ಸೆರೆಮನೆಯ ಕೀಲಿಕೈ ರಾಜರ ಕೈಬಿಟ್ಟದ್ದು ಮಾತ್ರ ಜುಲೈ ಭಾಷಣದಿಂದಲ್ಲ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ.