ಪೋಷಕ ನಟಿ ಎಂದರೆ ಯಾರನ್ನು ಪೋಷಿಸಿದವಳು?

ಚಿಕ್ಕಮಗಳೂರು ಜಿಲ್ಲೆಯವರನ್ನು ‘ನಿಮ್ಮ ಕಡೆಯ ಹೆಸರಾಂತರು ಯಾರು’ ಎಂದು ಕೇಳಿ ನೋಡಿ. ಮೂಡಿಗೆರೆಯವರು ತೇಜಸ್ವಿ ಎನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ, ನಾನೂ ಹಾಗೇ ಹೇಳುತ್ತಿದ್ದವಳು. ಕಳಸದವರು ಮನುಷ್ಯರ ತಂಟೆಗೇ ಹೋಗದೆ ಕಳಸೇಶ್ವರನನ್ನೂ ಹೊರನಾಡಿನ ಅನ್ನಪೂರ್ಣೇಶ್ವರಿಯನ್ನೂ ಮುಂದೆ ಮಾಡುತ್ತಾರೆ. ಪೇಟೆಯವರಂತೂ ಬಾಬಾಬುಡನ್ ತಂದ ಏಳು ಕಾಫಿ ಬೀಜಗಳ ಕತೆಯಿಂದ ಶುರು ಮಾಡಿ ಮುಳ್ಳಯ್ಯನಗಿರಿಯ ಎತ್ತರಕ್ಕೆ ಬಂದು ನಿಲ್ಲುತ್ತಾರೆ. ಈ ಪಟ್ಟಿಯಲ್ಲಿ ಬಿ. ಜಯಮ್ಮ ಎಂಬ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. 1915ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು, ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ನಟಿಸಿದವರು, ಮೂಕಿ ಚಿತ್ರದಿಂದ ಹಿಡಿದು ರಾಜ್‌ಕುಮಾರ್ ಕಾಲದವರೆಗೆ ಪರದೆಯ ಮೇಲೆ ಇದ್ದವರು, 1988ರಲ್ಲಿ ತೀರಿಕೊಂಡವರು. ನನಗೆ ಆ ಹೆಸರು ಸಿಕ್ಕಿದ್ದು ಊರಿನಲ್ಲಲ್ಲ, ಗ್ರಂಥಾಲಯದಲ್ಲಿ. ಅದೂ ಗುಬ್ಬಿ ವೀರಣ್ಣನವರ ಬಗೆಗಿನ ಬರಹವೊಂದರಲ್ಲಿ, ‘ಅವರ ಪತ್ನಿ’ ಎಂಬ ಎರಡು ಪದಗಳ ಪಕ್ಕದಲ್ಲಿ.

ನನ್ನ ಜಗಳ ಇರುವುದು ಆ ಎರಡು ಪದಗಳ ಜೊತೆ. ಅದಕ್ಕಿಂತ ಹೆಚ್ಚಾಗಿ, ಸಿನಿಮಾದವರು ಆಮೇಲೆ ಅವರಿಗೆ ಅಂಟಿಸಿದ ‘ಪೋಷಕ ನಟಿ’ ಎಂಬ ಇನ್ನೆರಡು ಪದಗಳ ಜೊತೆ.

ವೀರಣ್ಣನವರ ಹೆಂಡತಿಯಾಗಿದ್ದರು ನಿಜ. ಅವರಿಗಿಂತ ವೀರಣ್ಣ ಸುಮಾರು ಇಪ್ಪತ್ತನಾಲ್ಕು ವರ್ಷ ದೊಡ್ಡವರು. ಗುಬ್ಬಿ ಕಂಪನಿ 1884ರಷ್ಟು ಹಿಂದೆಯೇ ಹುಟ್ಟಿದ್ದು. ವೀರಣ್ಣನವರ ಕೈಯಲ್ಲಿ ಅದು ದಕ್ಷಿಣ ಭಾರತದ ದೊಡ್ಡ ನಾಟಕ ಕಂಪನಿಗಳಲ್ಲಿ ಒಂದಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ, ಕುದುರೆ ತಂದ ಕಂಪನಿ ಅದು. ಆನೆಯ ಕತೆಯನ್ನು ನಮ್ಮ ರಂಗ ಇತಿಹಾಸಕಾರರು ಹೇಳಿ ಹೇಳಿ ದಣಿಯುವುದಿಲ್ಲ. ಆದರೆ ಆನೆಯನ್ನು ನೋಡಲು ಜನ ಒಂದು ಸಲ ಬರುತ್ತಾರೆ, ಎರಡನೆಯ ಸಲ ಬರುವುದು ಹಾಡು ಕೇಳಲು.

ಕಂಪನಿ ನಾಟಕದ ಹಾಡು ಎಂದರೆ ಏನೆಂದು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈಕು ಇಲ್ಲದ ಕಾಲದಲ್ಲಿ, ತಗಡಿನ ಥಿಯೇಟರಿನ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಬಿಡಿಬಿಡಿಯಾಗಿ ಕೇಳಿಸಬೇಕು. ಕಾಲು ಹಾರ್ಮೋನಿಯಂನವರು ಎತ್ತಿಕೊಟ್ಟ ಶ್ರುತಿಯಲ್ಲಿ ಕಂದ, ವೃತ್ತ, ಆಮೇಲೆ ಮಟ್ಟು. ಆ ಮಟ್ಟುಗಳು ಕರ್ನಾಟಕ ಸಂಗೀತದಿಂದ ಬರುತ್ತಿದ್ದವು, ಪಾರ್ಸಿ ಕಂಪನಿಗಳ ಮೂಲಕ ಹಿಂದೂಸ್ತಾನಿಯಿಂದ ಬರುತ್ತಿದ್ದವು, ಕೆಲವೊಮ್ಮೆ ಬ್ಯಾಂಡಿನವರ ಇಂಗ್ಲಿಷ್ ನೋಟಿನಿಂದಲೂ ಬರುತ್ತಿದ್ದವು. ಜನ ‘ಒನ್ಸ್ ಮೋರ್’ ಎಂದರೆ ಅದೇ ಹಾಡನ್ನು ಮತ್ತೆ ಹಾಡಬೇಕು, ಆದರೆ ಅದೇ ಥರ ಹಾಡಿದರೆ ಮರ್ಯಾದೆ ಇಲ್ಲ. ಎಲ್ಲೋ ಒಂದು ಕಡೆ ಹೊಸದಾಗಿ ತಿರುಗಿಸಬೇಕು, ತಬಲಾದವನನ್ನು ಸ್ವಲ್ಪ ಕಾಯಿಸಬೇಕು, ಅಳುವ ಪಾತ್ರವಾದರೆ ಅಳು ಕೆಡದ ಹಾಗೆ ಕಾಯಿಸಬೇಕು. ಜೊತೆಗೆ ಇನ್ನೊಂದು ಪೇಚು. ಈ ಪಾತ್ರಗಳನ್ನು ಅದುವರೆಗೆ ಸೀರೆಯುಟ್ಟು ಹಾಡುತ್ತಿದ್ದವರು ಗಂಡಸರು. ಹೆಂಗಸರು ರಂಗಕ್ಕೆ ಬಂದಾಗ, ಹೆಣ್ಣು ಹೀಗೇ ಹಾಡುತ್ತಾಳೆ ಎಂದು ಗಂಡಸರು ಊಹಿಸಿ ಕಟ್ಟಿಟ್ಟ ದನಿಯ ಎದುರು ತಮ್ಮ ದನಿಯನ್ನು ನಿಲ್ಲಿಸಬೇಕಿತ್ತು. ‘ಸದಾರಮೆ’ ಎಂದ ಕೂಡಲೇ ಎಲ್ಲರೂ ವೀರಣ್ಣನವರ ಕಳ್ಳನನ್ನು ನೆನೆಯುತ್ತಾರೆ. ಸದಾರಮೆ ಇಲ್ಲದೆ ಆ ಕಳ್ಳ ಯಾರನ್ನು ಕದಿಯುತ್ತಿದ್ದ?

ಇಂಥ ಗಾಯಕಿಯನ್ನು ಸಿನಿಮಾ ಮೊದಲು ಕರೆದುಕೊಂಡಿದ್ದು ಮೂಕಿ ಚಿತ್ರಗಳಿಗೆ. ವೀರಣ್ಣನವರೇ ಮುಂದೆ ನಿಂತು ತೆಗೆಸಿದ ‘ಹಿಸ್ ಲವ್ ಅಫೇರ್’ ಚಿತ್ರವನ್ನು ಬೆಲ್ಜಿಯಂನ ರಫಾಯಲ್ ಅಲ್ಗೋಯೆ ನಿರ್ದೇಶಿಸಿದರು, 1932ರ ‘ಹರಿಮಾಯಾ’ವನ್ನು ವೈ.ವಿ. ರಾವ್. ಎರಡರಲ್ಲೂ ಜಯಮ್ಮ ಇದ್ದರು, ಎರಡರಲ್ಲೂ ಅವರ ದನಿ ಇರಲಿಲ್ಲ. ಇದು ಯಾರ ತಪ್ಪೂ ಅಲ್ಲ, ಆಗ ಯಂತ್ರಕ್ಕೆ ಕಿವಿ ಇರಲಿಲ್ಲ. ಯಂತ್ರಕ್ಕೆ ಕಿವಿ ಬಂದ ಮೇಲೆ ‘ಸುಭದ್ರಾ’ (1941), ‘ಜೀವನ ನಾಟಕ’ (1942), ನಲವತ್ತರ ದಶಕದ ನಡುವೆ ‘ಹೇಮರೆಡ್ಡಿ ಮಲ್ಲಮ್ಮ’ ಬಂದವು. ಹಾಡಬಲ್ಲವರೇ ನಟಿಸುವ ಕಾಲ ಅದು. ಹಾಡುಗಾರರಾದ ಹೊನ್ನಪ್ಪ ಭಾಗವತರ ಎದುರು ಹಾಡುಗಾರ್ತಿಯೇ ನಿಲ್ಲಬೇಕಿತ್ತು, ಜಯಮ್ಮ ನಿಂತರು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅವರು ಪರದೆಯ ಮೇಲೆ ಯಾರದೋ ತಾಯಿ, ಯಾರದೋ ಅತ್ತೆ. ಹಾಡು ಇಲ್ಲ.

ಇದನ್ನು ‘ವಯಸ್ಸಾಯಿತು, ಸಹಜ’ ಎಂದು ಹೇಳಿ ಮುಗಿಸುವವರಿಗೆ ನನ್ನದೊಂದು ಪ್ರಶ್ನೆ. ‘ಗುಣಸಾಗರಿ’ ಬಂದಾಗ, ಅಂದರೆ 1953ರಲ್ಲಿ, ಜಯಮ್ಮನವರಿಗೆ ಮೂವತ್ತೆಂಟು. ಮೂವತ್ತೆಂಟಕ್ಕೆ ಗಾಯಕಿಯ ಗಂಟಲು ಮುಪ್ಪಾಗುತ್ತದೆ ಎಂದು ಯಾವ ಸಂಗೀತದ ಮೇಷ್ಟ್ರು ಹೇಳಿದ್ದಾರೆ? ಗಂಟಲಿಗೆ ಏನೂ ಆಗಿರಲಿಲ್ಲ. ಆಗಿದ್ದು ಹಿನ್ನೆಲೆ ಗಾಯನ. ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ವ್ಯವಸ್ಥೆ ಬಂದ ಮೇಲೆ ಚೆಲುವಾದ ಮುಖವನ್ನು ಒಂದು ಕಡೆಯಿಂದ, ಹದವಾದ ದನಿಯನ್ನು ಇನ್ನೊಂದು ಕಡೆಯಿಂದ ತಂದು ಹೊಲಿಯಬಹುದಾಯಿತು. ಎರಡೂ ಇದ್ದವರಿಗೆ ಕೆಲಸ ಇಲ್ಲವಾಯಿತು. ಆಗ ಅವರಿಗೆ ಉಳಿದದ್ದು ಅಡುಗೆಮನೆಯ ದೃಶ್ಯ.

ಮದ್ರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರ ತಯಾರಾಗುತ್ತಿದ್ದಾಗ ಅಲ್ಲಿನ ಗಾಯಕಿಯರು ಹಾಡಿದರು, ಚೆನ್ನಾಗಿಯೇ ಹಾಡಿದರು. ನಮ್ಮಜ್ಜಿ ತೋಟದ ಕಣದಲ್ಲಿ ಕಾಫಿ ಹರಡುತ್ತ ಭದ್ರಾವತಿ ಆಕಾಶವಾಣಿಯಲ್ಲಿ ಕೇಳುತ್ತಿದ್ದದ್ದು ಎಸ್. ಜಾನಕಿ, ಪಿ. ಸುಶೀಲಾ ಅವರನ್ನೇ. ಅವರ ಮೇಲೆ ನನ್ನ ದೂರಿಲ್ಲ. ದೂರಿರುವುದು ಈ ಬದಲಾವಣೆಯನ್ನು ಕನ್ನಡ ಚಿತ್ರಸಂಗೀತದ ಏಳಿಗೆ ಎಂದಷ್ಟೇ ಬರೆದವರ ಮೇಲೆ. ಏಳಿಗೆಗೆ ಬೆಲೆ ತೆತ್ತವರು ಯಾರು ಎಂದು ಬರೆಯಬೇಡವೆ?

‘ನಾಟಕದ ದನಿ ಮೈಕಿಗೆ ಒಗ್ಗುವುದಿಲ್ಲ, ತಾಂತ್ರಿಕ ಕಾರಣಕ್ಕೆ ಹಾಗಾಯಿತು’ ಎನ್ನುವ ಇನ್ನೊಂದು ವಾದ ಇದೆ. ಅದಕ್ಕೆ ಉತ್ತರ ಜಯಮ್ಮನವರೇ ನಟಿಸಿದ ಒಂದು ತೆಲುಗು ಚಿತ್ರದಲ್ಲಿದೆ. 1945ರ ‘ಸ್ವರ್ಗಸೀಮ’, ನಿರ್ದೇಶನ ಬಿ.ಎನ್. ರೆಡ್ಡಿ. ಚಿತ್ತೂರು ನಾಗಯ್ಯ ಗಂಡ, ಜಯಮ್ಮ ಅವನ ಹೆಂಡತಿ ಕಲ್ಯಾಣಿ, ಅವನನ್ನು ಮನೆಯಿಂದ ಸೆಳೆದೊಯ್ಯುವ ನಟಿಯ ಪಾತ್ರದಲ್ಲಿ ಭಾನುಮತಿ. ಭಾನುಮತಿ ಹಾಡಿದ ಪಾರಿವಾಳದ ಹಾಡು ಇವತ್ತಿಗೂ ಜನರ ಬಾಯಲ್ಲಿದೆ. ಅದರ ಹಿಂದೆ ಹಾಲಿವುಡ್ ಚಿತ್ರವೊಂದರ ಹಾಡಿನ ನೆರಳಿತ್ತು. ಪಾಶ್ಚಾತ್ಯ ರಾಗ ಮನೆಮುರುಕಿಗೆ, ಸಂಪ್ರದಾಯ ಗೃಹಿಣಿಗೆ ಎಂಬ ಹಂಚಿಕೆ ಅಲ್ಲೇ ಕಾಣುತ್ತದೆ. ನಾನು ಹೇಳಬೇಕಾಗಿರುವುದು ಅದಲ್ಲ. ಅದೇ ಚಿತ್ರದ ಭಾನುಮತಿ ಆಮೇಲೆ ದಶಕಗಟ್ಟಲೆ ತಮ್ಮ ಹಾಡನ್ನು ತಾವೇ ಹಾಡಿದರು. ಹಿನ್ನೆಲೆ ಗಾಯನ ಬಂದ ಮೇಲೂ ಹಾಡಿದರು. ತಂತ್ರಜ್ಞಾನ ಅವರ ಗಂಟಲನ್ನು ಹಿಡಿಯಲಿಲ್ಲ. ಯಾಕೆ? ಅವರಿಗೂ ಅವರ ಗಂಡ ರಾಮಕೃಷ್ಣ ಅವರಿಗೂ ಸ್ವಂತ ಭರಣಿ ಸಂಸ್ಥೆ ಇತ್ತು. ಚಿತ್ರ ನಿರ್ಮಿಸುವವರು, ನಿರ್ದೇಶಿಸುವವರು ಅವರೇ. ಹಾಡುವವರು ಯಾರು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಅವರೇ ಕೂತಿದ್ದರು.

ಗುಬ್ಬಿಯವರಿಗೂ ಸ್ವಂತ ಕಂಪನಿ ಇತ್ತಲ್ಲ ಎನ್ನಬಹುದು. ಇತ್ತು. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರು 1954ರ ‘ಬೇಡರ ಕಣ್ಣಪ್ಪ’ದ ಜೊತೆಗೂ ಸೇರಿದೆ. ಆದರೆ ಕಂಪನಿ ಇರುವುದು ಬೇರೆ, ಅದರಲ್ಲಿ ಹೆಂಗಸಿನ ಮಾತು ನಡೆಯುವುದು ಬೇರೆ. ವೀರಣ್ಣ ಇಲ್ಲದಿದ್ದರೆ ಜಯಮ್ಮ ಇಲ್ಲ ಎಂದು ಹೇಳುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ತಂದು ಊರೂರಲ್ಲಿ ಮರ್ಯಾದೆಯಿಂದ ನಿಲ್ಲಿಸುವುದು ಸಣ್ಣ ಕೆಲಸವಲ್ಲ. ಉಳಿದ ಅರ್ಧವನ್ನು ಅವರೂ ಒಪ್ಪಲಿ: ನಾಯಕಿ ಹಾಡದೆ ಕಂಪನಿಯ ಗಲ್ಲಾಪೆಟ್ಟಿಗೆ ತುಂಬುತ್ತಿರಲಿಲ್ಲ. ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ನನ್ನ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿಡಲು ಜಯಮ್ಮನವರ ಆತ್ಮಕಥೆ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

‘ಬೇಡರ ಕಣ್ಣಪ್ಪ’ದ ಮಾತು ಬಂತು. ಅದರ ನಾಯಕ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಹಾಡುತ್ತ ಬೆಳೆದವರು. ಆದರೂ ಆ ಚಿತ್ರದಲ್ಲಿ ಅವರಿಗೆ ಸಿ.ಎಸ್. ಜಯರಾಮನ್ ಹಾಡಿದರು. ಅಂದರೆ ಹಿನ್ನೆಲೆ ಗಾಯನ ಗಂಡಸಿನ ದನಿಯನ್ನೂ ಕಿತ್ತುಕೊಂಡಿತ್ತು. ಆದರೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು, ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು, ಅಲ್ಲಿಂದ ಮುಂದೆ ಅವರ ದನಿ ಅವರಿಗೆ ವಾಪಸು ಸಿಕ್ಕಿತು. ಆಗ ಅವರಿಗೆ ನಲವತ್ತೈದು. ಕನ್ನಡ ಜನ ಅದನ್ನು ಹಬ್ಬದ ಹಾಗೆ ಆಚರಿಸಿದರು, ಈಗಲೂ ಆಚರಿಸುತ್ತಾರೆ. ಅದೇ ಕಂಪನಿಯ ಯಾವ ಹೆಂಗಸಿಗೆ ದನಿ ವಾಪಸು ಬಂತು? 1974ರಲ್ಲಿ ಜಯಮ್ಮ ಇದ್ದರು, ಇನ್ನೂ ಹದಿನಾಲ್ಕು ವರ್ಷ ಇದ್ದರು.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ, ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂದು ಗೊತ್ತಿದ್ದೇ. ಅಮೆರಿಕದ ಎಥೆಲ್ ವಾಟರ್ಸ್ ಕಪ್ಪು ಜನಾಂಗದ ಗಾಯಕಿ. ಬ್ಲೂಸ್, ಜಾಝ್ ಹಾಡುತ್ತ ಬಂದವರು. 1921ರಲ್ಲಿ ಕಪ್ಪು ಜನರೇ ನಡೆಸುತ್ತಿದ್ದ ಬ್ಲ್ಯಾಕ್ ಸ್ವಾನ್ ಕಂಪನಿಗೆ ಹಾಡಿದರು, 1933ರಲ್ಲಿ ಕಾಟನ್ ಕ್ಲಬ್ಬಿನಲ್ಲಿ ಹಾಡಿ ಮನೆಮಾತಾದರು. ಅವರನ್ನೂ ಹಾಲಿವುಡ್ ಅಜ್ಜಿಯಾಗಿಯೂ ಮನೆಗೆಲಸದವಳಾಗಿಯೂ ನಿಲ್ಲಿಸಿತು. 1949ರ ‘ಪಿಂಕಿ’ ಚಿತ್ರದ ಅಜ್ಜಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಯಾವ ವಿಭಾಗದಲ್ಲಿ ಎಂದು ಬೇರೆ ಹೇಳಬೇಕಿಲ್ಲ: ಪೋಷಕ ನಟಿ. ಅಲ್ಲಿನ ಅನ್ಯಾಯ ನಮ್ಮದಕ್ಕಿಂತ ಕಡಿಮೆಯದಲ್ಲ, ಬಣ್ಣದ ಕಾರಣಕ್ಕೆ ಹೆಚ್ಚೇ. ಆದರೆ ಅವರು ತಮ್ಮ ಕತೆಯನ್ನು ಪುಸ್ತಕ ಮಾಡಿ ಹೋದರು, ಅವರ ಪ್ಲೇಟುಗಳನ್ನು ಜನ ಕಾಪಾಡಿದರು. ಇವತ್ತು ಯಾರಾದರೂ ಅವರನ್ನು ‘ಅಜ್ಜಿ ಪಾತ್ರದ ನಟಿ’ ಎಂದರೆ ಆ ಇಪ್ಪತ್ತರ ದಶಕದ ದನಿಯನ್ನು ಹಾಕಿ ಬಾಯಿ ಮುಚ್ಚಿಸಬಹುದು. ನಾನು ಯಾವ ಪ್ಲೇಟು ಹಾಕಲಿ?

ಪಿಎಚ್‌ಡಿಗೆ ಈ ವಿಷಯವನ್ನು ಮೊದಲ ಸಲ ಮಂಡಿಸಿದಾಗ ಸಮಿತಿಯ ಹಿರಿಯರೊಬ್ಬರು, “ನೋಡಮ್ಮ, ಇದು ಸಂಗೀತವೋ, ನಾಟಕವೋ, ಸಿನಿಮಾವೋ? ಒಂದು ತೀರ್ಮಾನ ಮಾಡ್ಕೊಂಡು ಬಾ” ಅಂದರು. “ಸರ್, ಅವರು ಮೂರನ್ನೂ ಒಂದೇ ಸಂಜೆ ಮಾಡ್ತಿದ್ರು” ಎಂದೆ. ಕೋಣೆಯಲ್ಲಿದ್ದವರು ನಕ್ಕರು, ವಿಷಯ ಒಂದು ವರ್ಷ ಮುಂದಕ್ಕೆ ಹೋಯಿತು. ಆ ಹಿರಿಯರು ಕೆಟ್ಟವರಲ್ಲ. ನಮ್ಮ ವಿದ್ವತ್ತೇ ಆ ಥರ ಕೋಣೆ ಕೋಣೆಯಾಗಿದೆ. ಸಂಗೀತದವರಿಗೆ ಕಂಪನಿಯ ಹಾಡು ಕೀಳು, ನಾಟಕದವರಿಗೆ ಕಂಪನಿ ನಾಟಕವೇ ಹಳತು, ಸಿನಿಮಾದವರಿಗೆ ತಾಯಿ ಪಾತ್ರ ಅಡಿಟಿಪ್ಪಣಿ. ಮೂರು ಬಾಗಿಲು ತಟ್ಟಿ ಮೂರರಲ್ಲೂ ‘ಪಕ್ಕದ ಮನೆ’ ಎಂದು ಹೇಳಿಸಿಕೊಂಡ ಹೆಂಗಸರ ಪಟ್ಟಿ ಉದ್ದವಿದೆ.

ಆ ಪಟ್ಟಿ ಮುಗಿದಿಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರನ್ನು ನೋಡಿ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ‘ಸ್ಪಂದನ’ ತಂಡ ಕಟ್ಟಿದವರು, ‘ಕರಿಮಾಯಿ’ಯಂಥ ನಾಟಕವನ್ನು ಹಾಡಿನ ಬಲದಿಂದಲೇ ಎತ್ತಿ ನಿಲ್ಲಿಸಿದವರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಬಂತು. ಸಿನಿಮಾ ಅವರನ್ನು ಏನಕ್ಕೆ ಬಳಸಿಕೊಂಡಿತು? ಎಷ್ಟೋ ನಾಯಕಿಯರಿಗೆ ಕಂಠದಾನ ಮಾಡಿಸಿತು. ಮಾತು ಇವರದು, ಮುಖ ಬೇರೆಯವರದು. ಹಿಂದಿನ ತಲೆಮಾರಿನಿಂದ ದನಿಯನ್ನು ಕಿತ್ತು ಮುಖ ಇಟ್ಟುಕೊಂಡಿತು, ಈ ತಲೆಮಾರಿನಿಂದ ಮುಖ ಬಿಟ್ಟು ದನಿ ಇಟ್ಟುಕೊಂಡಿತು. 2001ರಲ್ಲಿ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡು ಬಂದಾಗ ಇಡೀ ರಾಜ್ಯ ಕುಣಿಯಿತು. ಮೂಡಿಗೆರೆಯ ಬಸ್ಸುಗಳಲ್ಲೂ ಅದೇ. ನಾವು ಮಕ್ಕಳು ‘ಈ ಗಡಸು ದನಿ ಯಾರದು’ ಎಂದು ಕೇಳಿದರೆ ಹೇಳುವವರಿರಲಿಲ್ಲ. ಅದು ಮೈಕಿಲ್ಲದ ಥಿಯೇಟರಿನ ಕೊನೆಯ ಸಾಲಿಗೆ ಮುಟ್ಟಲೆಂದು ತಲೆಮಾರುಗಟ್ಟಲೆ ಹದಗೊಂಡ ದನಿ.

ಆದ್ದರಿಂದ ಚಿಕ್ಕಮಗಳೂರಿನಲ್ಲಿ ಜಯಮ್ಮನವರ ಪ್ರತಿಮೆ ಮಾಡಿ, ರಸ್ತೆಗೆ ಹೆಸರಿಡಿ ಎಂದು ನಾನು ಕೇಳುವುದಿಲ್ಲ. ಪ್ರತಿಮೆ ಹಾಡುವುದಿಲ್ಲ. ಕೇಳುವುದು ಬೇರೆ. ನಮ್ಮ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಹಳೆಯ ತೋಟದ ಮನೆಗಳ ಅಟ್ಟದಲ್ಲಿ, ಕಾಫಿ ಚೀಲಗಳ ಹಿಂದೆ, ಗ್ರಾಮಾಫೋನ್ ಪೆಟ್ಟಿಗೆಗಳಿವೆ. ಕೀ ಕೊಡುವ ಯಂತ್ರ ಕೆಟ್ಟಿರುತ್ತದೆ, ಪ್ಲೇಟುಗಳು ಕಾಗದದ ಚೀಲದಲ್ಲಿ ಹಾಗೇ ಇರುತ್ತವೆ. ಮನೆ ಕೆಡವಿ ಹೋಮ್‌ಸ್ಟೇ ಕಟ್ಟುವ ಭರದಲ್ಲಿ ಅವು ಗುಜರಿಗೆ ಹೋಗುತ್ತಿವೆ. ಕೊಡುವ ಮೊದಲು ಒಂದು ಸಲ ನಡುವಿನ ಚೀಟಿ ಓದಿ. ನಾಟಕದ ಹೆಸರು, ಕಂಪನಿಯ ಹೆಸರು, ಯಾರೋ ‘ಅಮ್ಮ’, ಯಾರೋ ‘ಬಾಯಿ’ ಎಂದಿದ್ದರೆ ಪಕ್ಕಕ್ಕೆ ಎತ್ತಿಡಿ. ನಿಲ್ಲಿಸಿಡಿ, ಒಂದರ ಮೇಲೊಂದು ಮಲಗಿಸಬೇಡಿ. ಬೂಷ್ಟು ಹಿಡಿದಿದೆ ಎಂದು ಸ್ಪಿರಿಟ್ ಹಾಕಿ ಒರೆಸಬೇಡಿ. ಆ ಪ್ಲೇಟುಗಳು ಅರಗಿನವು, ಸ್ಪಿರಿಟ್ ತಾಗಿದರೆ ಹಾಡಿನ ಗೆರೆಯೇ ಕರಗಿಹೋಗುತ್ತದೆ.