ಕಚ್ಚೋ ಬೆಕ್ಕಿಗೂ ಒಂದು ಮನೆ ಇರಲಿ

ಬೆಕ್ಕು ಕಚ್ಚಿತು ಅಂದರೆ ನಮ್ಮ ತಾಳ್ಯದ ಕಡೆ ಎರಡೇ ಪರಿಹಾರ. ಮೊದಲನೆಯದು ತಲೆ ಮೇಲೆ ಮೊಟಕುವುದು. ಅದಕ್ಕೂ ಬಗ್ಗದಿದ್ದರೆ ಗೋಣಿಚೀಲ. ಚೀಲದೊಳಗೆ ತುಂಬಿ, ಬಾಯಿ ಕಟ್ಟಿ, ಬೈಕಿನ ಮೇಲಿಟ್ಟುಕೊಂಡು ಎರಡು ಮೂರು ಊರು ದಾಟಿ, ಯಾರದೋ ತೋಟದ ಬೇಲಿ ಪಕ್ಕ ಬಿಟ್ಟು ಬರುವುದು. ವಾಪಸ್ ಬರುವ ದಾರಿ ಗೊತ್ತಾಗಬಾರದು ಅಂತ ಚೀಲವನ್ನು ಗಿರಗಿರ ತಿರುಗಿಸುವವರೂ ಇದ್ದಾರೆ. ಕೇಳಿದರೆ, "ಕೊಂದಿಲ್ಲವಲ್ಲ, ಬಿಟ್ಟು ಬಂದಿದ್ದೀವಿ ಅಷ್ಟೇ" ಅನ್ನುತ್ತಾರೆ.

ಆ "ಅಷ್ಟೇ" ಅನ್ನುವ ಮಾತಿನ ಮೇಲೇ ನನ್ನ ತಕರಾರು. ಗೊತ್ತಿಲ್ಲದ ಜಾಗ, ಅಲ್ಲಿನ ನಾಯಿಗಳು, ಮೊದಲೇ ಆ ಜಾಗ ಹಿಡಿದಿರುವ ಗಂಡುಬೆಕ್ಕುಗಳು. ಮನೆಯ ಅನ್ನ ತಿಂದು ಬೆಳೆದ ಬೆಕ್ಕು ಅಲ್ಲಿ ಎಷ್ಟು ದಿನ ಬದುಕೀತು? ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಯಿಂದ ನರಳುವ ಹಾಗೆ ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಈ ವಿಷಯ ಪೊಲೀಸ್ ಸ್ಟೇಷನ್ನಿನಲ್ಲಿ ಬಗೆಹರಿಯುವಂಥದ್ದಲ್ಲ, ಅಡುಗೆಮನೆಯಲ್ಲಿ ಬಗೆಹರಿಯಬೇಕಾದದ್ದು.

ಈಗ ಇದನ್ನು ಬರೆಯಲು ಕಾರಣವಿದೆ. ಊರಲ್ಲಿ ಬೀಗ ಬೀಳುವ ಮನೆಗಳು ಹೆಚ್ಚುತ್ತಿವೆ. ಮಕ್ಕಳ ಓದು, ಕೆಲಸ ಅಂತ ದಾವಣಗೆರೆಗೋ ಬೆಂಗಳೂರಿಗೋ ಹೋಗುವವರು ಟಿವಿ, ಮಂಚ, ಒರಳು ಎಲ್ಲ ಲಗೇಜ್ ಆಟೋಗೆ ಏರಿಸುತ್ತಾರೆ. ಹಸು ಮಾರುತ್ತಾರೆ. ಬೆಕ್ಕು ಮಾತ್ರ ಜಗಲಿ ಮೇಲೇ ಉಳಿಯುತ್ತದೆ. ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಅನ್ನುವ ಮಾತು ಬೇರೆ ಇದೆಯಲ್ಲ, ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಅಷ್ಟು ಸಾಕು. ಮರಿಯಾದರೆ ಯಾರಾದರೂ ಕೇಳಿ ಒಯ್ಯುತ್ತಾರೆ. ಬಲಿತ ಬೆಕ್ಕನ್ನು ಯಾರೂ ಕೇಳುವುದಿಲ್ಲ. ಅದು ಒಗ್ಗಲ್ಲ, ಕಚ್ಚುತ್ತೆ ಅಂತ ಹೇಳುತ್ತಾರೆ.

ಕಚ್ಚುತ್ತೆ, ನಿಜ. ಹೋದ ದೀಪಾವಳಿ ಆದಮೇಲೆ ನಮ್ಮ ಮನೆಗೆ ಬಂದ ಪಕ್ಕದ ಮನೆಯ ಬೂದುಬಣ್ಣದ ಹೆಣ್ಣುಬೆಕ್ಕು ಮೊದಲ ವಾರದಲ್ಲೇ ಅಪ್ಪನ ಕೈಗೆ ಎರಡು ಸಲ, ನನ್ನ ಹಿಮ್ಮಡಿಗೆ ಒಂದು ಸಲ ಬಾಯಿ ಹಾಕಿತ್ತು. ಅಪ್ಪ ಚೀಲದ ಮಾತೆತ್ತಿದರು. ಅಜ್ಜಿಯೇ ತಡೆದಳು. "ಅದರ ಮನೆ ಕಳೆದುಹೋಗಿದೆ, ನಿನಗೆ ಬುದ್ಧಿ ಕಳೆದುಹೋಗಿದೆಯಾ?" ಅಂದಳು.

ತೆನಾಲಿ ರಾಮನ ಬೆಕ್ಕಿನ ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ನಾವು ರಾಮನ ಜಾಣತನಕ್ಕೆ ನಕ್ಕೆವು, ಬೆಕ್ಕಿನ ಕಡೆಯಿಂದ ಯೋಚಿಸಲಿಲ್ಲ. ಬಲಿತ ಬೆಕ್ಕಿನ ವಿಷಯದಲ್ಲಿ ಬಟ್ಟಲಿನ ಜಾಗದಲ್ಲಿ ನಮ್ಮ ಕೈ ಇರುತ್ತದೆ. ಹಿಂದೆ ಯಾವ ಕೈ ಅದನ್ನು ಮೊಟಕಿತ್ತೋ, ಯಾವ ಕೈ ಬಾಲ ಹಿಡಿದು ಎಳೆದಿತ್ತೋ ನಮಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುತ್ತದೆ. ಈಗ ನಾವೂ ಮೊಟಕಿದರೆ ಅದರ ಅನುಮಾನ ಖಾತ್ರಿಯಾಯಿತು, ಅಷ್ಟೇ.

ಇನ್ನೊಂದು ಕಾರಣ ಇನ್ನೂ ಹಿಂದಿನದು. ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತವಲ್ಲ, ಅದೇ ಅವುಗಳ ಪಾಠಶಾಲೆ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಒಂದೇಟು ಬಿಡುತ್ತಾಳೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವ ಅಂದಾಜು ಬರುವುದು ಹಾಗೆ. ಕಣ್ಣು ಬಿಟ್ಟ ಕೂಡಲೇ "ಮುದ್ದಾಗಿದೆ" ಅಂತ ತಂದ ಒಂಟಿ ಮರಿಗೆ ಈ ಪಾಠ ತಪ್ಪಿಹೋಗಿರುತ್ತದೆ. ಸಾಲದ್ದಕ್ಕೆ ನಾವು ಬೆರಳು ಆಡಿಸಿ ಆಟ ಕಲಿಸಿರುತ್ತೇವೆ. ಮರಿಹಲ್ಲು ಚುಚ್ಚಿದಾಗ ನಗು ಬರುತ್ತದೆ. ಅದೇ ಬೆಕ್ಕು ಬಲಿತು ಅದೇ ಆಟ ಆಡಿದಾಗ ರಕ್ತ ಬರುತ್ತದೆ. ಆಗ ತಪ್ಪು ಬೆಕ್ಕಿನದು!

ಹಾಗಾಗಿ ಕೈ ಆಟದ ಸಾಮಾನಲ್ಲ ಅನ್ನುವುದು ನಮ್ಮ ಮನೆಯ ಮೊದಲ ಕಾನೂನು. ತೋಟದಿಂದ ತಂದ ಅಡಿಕೆ ಸೋಗೆಯ ಒಂದು ಎಳೆಗೆ ಮಾರುದ್ದ ದಾರ ಕಟ್ಟಿದೆ. ಬೆಕ್ಕು ಹೆಚ್ಚು ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ಆ ಹೊತ್ತಿಗೆ ಹತ್ತು ನಿಮಿಷ ಅದನ್ನು ನೆಲದ ಮೇಲೆ ಎಳೆದಾಡಿದರೆ ಸಾಕು. ಅಡಗುವುದು, ಹಾರುವುದು, ಹಿಡಿದು ಕಚ್ಚುವುದು ಎಲ್ಲ ಸೋಗೆಯ ಮೇಲೇ ತೀರುತ್ತದೆ. ಆಟ ಮುಗಿದ ಕೂಡಲೇ ಊಟ. ಬೇಟೆಯಾಡಿದೆ, ತಿಂದೆ, ಇನ್ನು ಮಲಗುತ್ತೇನೆ ಅನ್ನುವುದು ಅದರ ಸಹಜ ಲೆಕ್ಕ. ಹಿಮ್ಮಡಿಗೆ ಬಾಯಿ ಹಾಕುವುದು ನಿಂತಿದ್ದು ಇದರಿಂದಲೇ.

ಮುದ್ದು ಮಾಡುವಾಗ ಕಚ್ಚುವುದು ಬೇರೆ ಕಥೆ. ತೊಡೆ ಮೇಲೆ ಗುರುಗುಟ್ಟುತ್ತಾ ಮಲಗಿದ್ದ ಬೆಕ್ಕು ತಟಕ್ಕನೆ ತಿರುಗಿ ಕಚ್ಚಿದಾಗ "ಎಂಥ ಕೃತಘ್ನ" ಅನ್ನಿಸುತ್ತದೆ. ಆದರೆ ಅದು ಮೊದಲೇ ಹೇಳಿರುತ್ತದೆ, ನಾವು ಮೊಬೈಲ್ ನೋಡುತ್ತಿರುತ್ತೇವೆ. ಬಾಲದ ತುದಿ ಪಟಪಟ ಬಡಿಯುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಕಿವಿ ಹಿಂದಕ್ಕೆ ವಾಲುತ್ತದೆ, ಗುರುಗುಟ್ಟುವುದು ನಿಲ್ಲುತ್ತದೆ. ಅಲ್ಲಿಗೆ ಕೈ ತೆಗೆಯಬೇಕು. ಗಲ್ಲ, ಕಿವಿಯ ಬುಡ ಸವರಿದರೆ ಸಾಮಾನ್ಯವಾಗಿ ಖುಷಿ. ಹೊಟ್ಟೆ ತೋರಿಸಿ ಉರುಳಿದರೆ ಅದು ನಂಬಿಕೆ ಇರಬಹುದು, ಮುಟ್ಟು ಅನ್ನುವ ಕರೆ ಅಲ್ಲ. ಹಲ್ಲು ಊರಿಬಿಟ್ಟರೆ ಕೈ ಜಗ್ಗಬೇಡಿ. ಜಗ್ಗಿದಷ್ಟೂ ಅದಕ್ಕೆ ಓಡುವ ಇಲಿಯಂತೆ ಕಾಣುತ್ತದೆ. ಕೈ ಅಲ್ಲಾಡಿಸದೆ ಇರಿ, ಬಿಟ್ಟ ಮೇಲೆ ಎದ್ದು ಹೋಗಿ. ಬೈಯುವುದೂ ಬೇಡ, ಸಮಾಧಾನ ಮಾಡುವುದೂ ಬೇಡ.

ಹೊಸದಾಗಿ ಬಂದ ಬೆಕ್ಕಿಗೆ ಮೊದಲ ಕೆಲವು ದಿನ ಒಂದೇ ಕೋಣೆ, ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ ಕೊಟ್ಟರೆ ಒಳ್ಳೆಯದು. ಅದೇ ಹತ್ತಿರ ಬರಲಿ. ದಿಟ್ಟಿಸಿ ನೋಡುವುದು ಅದರ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವ ಜನರ ಬಳಿಗೆ ಬೆಕ್ಕುಗಳು ಹೆಚ್ಚು ಸುಲಭವಾಗಿ ಬರುತ್ತವೆ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಅಜ್ಜಿ ಮಧ್ಯಾಹ್ನ ತೂಕಡಿಸುತ್ತಾ ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದಳು. ಬೆಕ್ಕು ಮೊದಲು ಒಗ್ಗಿದ್ದು ಅವಳಿಗೇ.

ಇಷ್ಟು ದಿನ ಸುಮ್ಮನಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಎಲ್ಲೋ ನೋವಿದೆ ಅಂತ ಮೊದಲು ಅನುಮಾನಿಸಿ. ಹಲ್ಲು, ಕಿವಿಯ ಹುಳು, ಹಳೇ ಗಾಯ, ಏನೂ ಆಗಬಹುದು. ಪಶು ಆಸ್ಪತ್ರೆ ಇರುವುದು ಎಮ್ಮೆ, ಹಸುಗಳಿಗೆ ಮಾತ್ರ ಅಲ್ಲ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಮಾಡಿ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಇನ್ನು ನಮ್ಮ ಓರಗೆಯವರಿಗೆ ಒಂದು ಮಾತು. ಬೆಕ್ಕನ್ನು ರೇಗಿಸಿ, ಅದು ಬುಸ್ ಅಂದು ಕಚ್ಚುವುದನ್ನು ರೀಲ್ಸ್ ಮಾಡಿ ಹಾಕುತ್ತೀರಲ್ಲ, ಅದು ತಮಾಷೆಯಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆಯಲ್ಲಿ ಇಲಿಯ ಪಾತ್ರ ಇಲ್ಲಿ ಬೆಕ್ಕಿನದು. ಲೈಕು ನಿಮಗೆ, ಚೀಲ ಅದಕ್ಕೆ.

ಬೆಕ್ಕಿನ ಪರ ಇಷ್ಟು ವಕಾಲತ್ತು ವಹಿಸಿದರೂ ಕಡಿತವನ್ನು ಹಗುರವಾಗಿ ತೆಗೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ನಂಬಿದವರು ಊರಲ್ಲಿ ಬೇಕಾದಷ್ಟು ಜನ. ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲೆ ಕಾಣುವ ತೂತು ಸಣ್ಣದು, ಒಳಗೆ ಆಳವಾಗಿ ಕೀವು ಕಟ್ಟುತ್ತದೆ. ಸುಣ್ಣ, ಅರಿಶಿನ, ಖಾರದಪುಡಿ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಹೆದರಿಕೆ ನಮ್ಮ ಅಜ್ಜಿಗೆ ಇನ್ನೂ ಇದೆ. ಆ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಸಲ ಲಸಿಕೆ. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಅಂತ ಡಾಕ್ಟರು ನೋಡುತ್ತಾರೆ. ಕಚ್ಚಿದ ಬೆಕ್ಕು ಹತ್ತು ದಿನ ಕಣ್ಣ ಮುಂದೆ ಆರೋಗ್ಯವಾಗಿದೆಯೇ ಅಂತ ಗಮನಿಸಲೂ ಹೇಳುತ್ತಾರೆ. ಚೀಲದಲ್ಲಿ ತುಂಬಿ ಬಿಟ್ಟುಬಂದವರು ಯಾವ ಬೆಕ್ಕನ್ನು ನೋಡುತ್ತಾರೆ? ಅಪ್ಪ ಲಸಿಕೆ ಹಾಕಿಸಿಕೊಂಡರು. ಬೆಕ್ಕಿಗೂ ಹಾಕಿಸಿದೆವು, ವರ್ಷ ವರ್ಷ ಹಾಕಿಸಬೇಕು.

ಒಂದು ಬೆಕ್ಕಿಗೆ ಇಷ್ಟೆಲ್ಲ ಯಾಕೆ ಅಂತ ಅಪ್ಪನ ಗೆಳೆಯರು ಕೇಳುತ್ತಾರೆ. ಮೆಕ್ಕೆಜೋಳದ ಚೀಲಗಳನ್ನು ಇಲಿ ಕೊರೆಯುವುದು ನಿಂತಿದೆ ಅಂತ ಅಪ್ಪ ಲಾಭದ ಲೆಕ್ಕ ಹೇಳುತ್ತಾರೆ. ನನಗೆ ಆ ಉತ್ತರ ಅಷ್ಟು ಹಿಡಿಸುವುದಿಲ್ಲ. ಇಲಿ ಹಿಡಿಯದ ಬೆಕ್ಕಿಗೂ ಹಸಿವಾಗುತ್ತದಲ್ಲ.

ಬೆಕ್ಕು ಈಗಲೂ ನಾಲ್ಕನೇ ಸಲ ಸವರಿದರೆ ಬಾಯಿ ತೆರೆಯುತ್ತದೆ. ಅಜ್ಜಿ ಮೂರಕ್ಕೆ ನಿಲ್ಲಿಸುತ್ತಾಳೆ.

ಈ ಯುಗಾದಿ ಕಳೆದ ಮೇಲೆ ನಮ್ಮ ಬೀದಿಯಲ್ಲಿ ಇನ್ನೊಂದು ಮನೆಗೆ ಬೀಗ ಬೀಳುತ್ತದೆ. ಅಲ್ಲೊಂದು ಕರಿಬೆಕ್ಕಿದೆ, ಬಲಿತದ್ದು. ವಿಚಾರಿಸಿದೆ. ಕಚ್ಚುತ್ತದಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ.