ಬದುವಿನ ಹುಳಿ ಕಳೆ ಮತ್ತು ತಾಮ್ರದ ಚಿಟ್ಟೆ



ಬದುವಿನಲ್ಲಿ ಒಂದು ಕಳೆಯೂ ಇಲ್ಲದಂತೆ ಕೆತ್ತುವುದೇ ಒಳ್ಳೆಯ ಬೇಸಾಯವೆಂದು ನಾವು ನಂಬಿದ್ದೇವೆ. ಬ್ರಿಟನ್ನಿನಿಂದ ಬಂದಿರುವ ಸುದ್ದಿಯೊಂದು ಈ ನಂಬಿಕೆಯನ್ನು ಮತ್ತೆ ವಿಚಾರಿಸಿ ನೋಡುವಂತೆ ಮಾಡಿದೆ.

2024ರ ಬೇಸಿಗೆಯಲ್ಲಿ ಅಲ್ಲಿನ ಸಾರ್ವಜನಿಕರು ಚಿಟ್ಟೆಗಳನ್ನು ಎಣಿಸಿದಾಗ, 15 ನಿಮಿಷದ ಎಣಿಕೆಗೆ ಸರಾಸರಿ 7 ಚಿಟ್ಟೆಗಳು ಮಾತ್ರ ಕಂಡವು. ಹಿಂದಿನ ವರ್ಷ 12 ಇದ್ದವು. ಆ ವರ್ಷ ಮಳೆ ಮತ್ತು ಚಳಿ ಹೆಚ್ಚಾಗಿದ್ದವು, ನಿಜ. ಆದರೆ ಇಳಿಮುಖ ಹಳೆಯದು. ನೆಲೆ ನಾಶ ಮತ್ತು ಕೀಟನಾಶಕಗಳ ಮೇಲೂ ದೂರಿದೆ.

ಅಲ್ಲಿನ ಸಣ್ಣ ತಾಮ್ರ ಚಿಟ್ಟೆಯನ್ನೇ ನೋಡಿ. ರೆಕ್ಕೆ ಹರಡಿದರೆ ಸುಮಾರು 3 ಸೆಂಟಿಮೀಟರು. ಹೊಸದಾಗಿ ಬೆಳಗಿದ ತಾಮ್ರದ ಚೆಂಬಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ನಮ್ಮ ಚುಕ್ಕೆ ಸೊಪ್ಪಿನ ಕುಲಕ್ಕೆ ಸೇರಿದ ಹುಳಿ ಕಳೆಯ ಮೇಲೆ ಇದು ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹಸಿರು ಮರಿಹುಳು ಎಲೆಯ ಅಡಿಭಾಗವನ್ನು ಕೆರೆದು ತಿಂದು, ಮೇಲಿನ ಪೊರೆಯನ್ನು ಗಾಜಿನಂತೆ ಉಳಿಸುತ್ತದೆ. ಚಳಿಗಾಲವನ್ನು ಹುಳುವಾಗಿಯೇ ಕಳೆಯುತ್ತದೆ. ವರ್ಷಕ್ಕೆ ಎರಡು ಮೂರು ಪೀಳಿಗೆ. ಕಳೆ ಹೋದರೆ ಸಂತತಿಯೂ ಹೋಯಿತು. ಇದರ ದೊಡ್ಡ ತಮ್ಮನಂತಿದ್ದ ಮತ್ತೊಂದು ತಾಮ್ರ ಚಿಟ್ಟೆ, ಜೌಗು ಭೂಮಿಯ ನೀರು ಬಸಿದು ಹೊಲ ಮಾಡಿದ ಮೇಲೆ, 19ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಿಂದ ಅಳಿದೇಹೋಯಿತು.

ಸಣ್ಣ ತಾಮ್ರ ಚಿಟ್ಟೆ ಭಾರತದಲ್ಲಿ ಹಿಮಾಲಯದ ಕಡೆ ಇದೆ, ನಮ್ಮ ರಾಜ್ಯದಲ್ಲಿಲ್ಲ. ಹಾಗಾದರೆ ನಮಗೇಕೆ ಈ ಮಾತು? ಇದೇ ಕುಟುಂಬದ ಒಂದು ಚಿಟ್ಟೆಯ ಮರಿಹುಳು ನಮ್ಮ ತೋಟಗಳಲ್ಲಿ ಹಿಟ್ಟು ತಿಗಣೆಯನ್ನು ತಿಂದು ಉಪಕರಿಸುತ್ತದೆ. ಮೈಮೇಲೆ ಬಿಳಿ ಮೇಣ ಹೊತ್ತಿರುವುದರಿಂದ ಅದನ್ನೇ ತಿಗಣೆಯೆಂದು ತಿಳಿದು ಔಷಧ ಹೊಡೆಯುವವರುಂಟು. ಇದೇ ಕುಟುಂಬದ ಇನ್ನೊಂದು ಚಿಟ್ಟೆಯ ಹುಳು ದಾಳಿಂಬೆ ಹಣ್ಣನ್ನು ಕೊರೆಯುತ್ತದೆ. ಎಲ್ಲ ಚಿಟ್ಟೆಯೂ ಮಿತ್ರನಲ್ಲ, ಎಲ್ಲವೂ ಶತ್ರುವೂ ಅಲ್ಲ.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದವನ್ನು ಬಯಲು ಬೆಳೆಗೆ ಬಳಸುವುದನ್ನು ಜೇನ್ನೊಣಗಳ ರಕ್ಷಣೆಗಾಗಿ ಐರೋಪ್ಯ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಬ್ರಿಟನ್ ಸಕ್ಕರೆ ಬೀಟಿಗೆ ಕೊಡುತ್ತಿದ್ದ ವಿನಾಯಿತಿಯನ್ನು 2025ರಲ್ಲಿ ನಿರಾಕರಿಸಿತು. ನಮ್ಮ ಅಂಗಡಿಗಳಲ್ಲಿ ಇವು ದೊರೆಯುತ್ತವೆ. ಬೆಳೆ ಉಳಿಸಲು ಔಷಧ ಬೇಕಾಗುವ ಸಂದರ್ಭವಿದೆ; ರೈತನ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಆದರೆ ಅಭ್ಯಾಸಬಲದಿಂದ ಹೊಡೆಯುವುದು ದಂಡದ ಖರ್ಚು.

ಆದುದರಿಂದ ಮೊದಲು ಗಿಡ ಪರೀಕ್ಷಿಸಿ, ಪೀಡೆ ಮಿತಿ ಮೀರಿದರೆ ಮಾತ್ರ ಸಿಂಪಡಿಸಿ. ಹೂವು ಅರಳಿರುವಾಗ ಬೇಡ. ಕೊರಕ ಬಿದ್ದ ದಾಳಿಂಬೆಯನ್ನು ಆರಿಸಿ ನಾಶಮಾಡಿ. ಬೆಳೆಗೆ ತೊಂದರೆ ಕೊಡದ ಹೂಗಿಡಗಳಿಗೆ ಬದುವಿನ ಒಂದು ಅಂಚನ್ನಾದರೂ ಬಿಡಿ. ಒಮ್ಮೆ ಅಳಿದ ಜೀವವನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು.